ಗ್ಯಾದರಿಂಗ್‌ನಿಂದ ಮಕ್ಕಳ ಸಂತೆಯವರೆಗೆ: ನಮ್ಮ ದಂಡೆಯ ಕನ್ನಡ ಶಾಲೆಗಳ ವಿಶೇಷ ದಿನಗಳು

ನಮ್ಮ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹೈಸ್ಕೂಲಿನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ನಾನು ಅದರ ಕೆಳಗಿನ ಮೆಟ್ಟಿಲ ಬಗ್ಗೆ ಬರೆಯುತ್ತೇನೆ ಎಂದೆ. ಈ ಶಾಲೆಯ ಎಂಟನೇ ತರಗತಿಗೆ ಬಂದು ಕುಳಿತ ಪ್ರತಿಯೊಂದು ಮಗುವೂ ಯಾವುದೋ ಒಂದು ಕನ್ನಡ ಶಾಲೆಯ ಅಂಗಳ ದಾಟಿಯೇ ಬಂದದ್ದು. ಗೋಕರ್ಣ, ಬಂಕಿಕೊಡ್ಲ, ಹನೇಹಳ್ಳಿ, ಸಾಣಿಕಟ್ಟಾ, ತೊರ್ಕೆ, ತದಡಿ, ಓಂ ಬೀಚಿನ ಆಚೆಯ ಬೇಲೆಖಾನ್, ಹೀಗೆ ದಂಡೆಯುದ್ದಕ್ಕೂ ಇರುವ ಊರುಗಳ ಪ್ರಾಥಮಿಕ ಶಾಲೆಗಳೇ ನಮ್ಮ ಹೈಸ್ಕೂಲುಗಳ ಬೇರು. ನಾನು ಈ ಶಾಲೆಯ ಮೊದಮೊದಲ ತಂಡಗಳಲ್ಲಿ ಓದಿದವಳು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಇದೇ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕೋರಾಗಿ ದುಡಿದು ನಿವೃತ್ತಳಾದವಳು.

ಹಳೆಯ ವಿದ್ಯಾರ್ಥಿಗಳನ್ನು ಕನ್ನಡ ಶಾಲೆಯಲ್ಲಿ ಏನು ನೆನಪಿದೆ ಎಂದು ಕೇಳಿ ನೋಡಿ. ಪಾಠವನ್ನು ಹೇಳುವವರು ಕಡಿಮೆ. ಗ್ಯಾದರಿಂಗಿನಲ್ಲಿ ಕಟ್ಟಿದ ವೇಷ, ಆಗಸ್ಟ್ ಹದಿನೈದರ ಪೆಪ್ಪರಮಿಂಟು, ಸಾಹೇಬರು ಬಂದ ದಿನ ಹೆದರಿ ಮಗ್ಗಿ ತಪ್ಪಿದ್ದು, ಕಡಲ ದಂಡೆಗೆ ನಡೆದು ಹೋದದ್ದು, ಇವುಗಳನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಈ ದಿನಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಹಾಜರಿ ಪುಸ್ತಕದಲ್ಲಿ ಮಗು ಬಂದಿತ್ತೋ ಇಲ್ಲವೋ ಎಂಬುದು ಸಿಗುತ್ತದೆ. ಅಂದು ಅದು ಹಾಡಿತ್ತೋ, ಮೂಲೆಯಲ್ಲಿ ಕೂತಿತ್ತೋ ಎಂಬುದು ಸಿಗುವುದಿಲ್ಲ. ಗೊತ್ತಿದ್ದಷ್ಟನ್ನು ಕ್ರಮವಾಗಿ ಜೋಡಿಸುವ ಒಂದು ಪ್ರಯತ್ನ ಇದು.

ಸಾಹೇಬರು ಬರುವ ದಿನ

ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರವರೆಗೆ ನಮ್ಮ ಶಾಲೆಗಳ ಮಾತು, ಪುಸ್ತಕ, ಪರೀಕ್ಷೆ ಎಲ್ಲ ಮುಂಬಯಿ ಕಡೆಯದೇ. ತರಗತಿಗೆ ‘ಇಯತ್ತೆ’, ಸ್ಲೇಟಿಗೆ ‘ಪಾಟಿ’, ಏಳನೇ ಇಯತ್ತೆಯ ಪರೀಕ್ಷೆಗೆ ‘ಮುಲ್ಕಿ’ ಎನ್ನುತ್ತಿದ್ದುದು ಆ ಕಾಲದ ಗುರುತು. ಮುಲ್ಕಿ ಪಾಸಾದವನಿಗೆ ಊರಲ್ಲಿ ಒಂದು ಮರ್ಯಾದೆ. ಅವನು ಶಾಲಾ ಮಾಸ್ತರನಾಗಬಹುದಿತ್ತು. 1918 ಮತ್ತು 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಗಳು ಶಾಲೆಗಳ ಹೊಣೆಯನ್ನು ಮೆಲ್ಲಗೆ ನಗರಸಭೆ ಮತ್ತು ಲೋಕಲ್ ಬೋರ್ಡುಗಳ ಕಡೆಗೆ ತಂದವು.

ಆ ಕಾಲದ ಶಾಲೆಗೆ ಅತಿ ದೊಡ್ಡ ‘ವಿಶೇಷ ದಿನ’ ಎಂದರೆ ತನಿಖೆಯ ದಿನ. ಹಿರಿಯರು ಹೇಳುತ್ತಿದ್ದಂತೆ, ಸಾಹೇಬರು ಬರುವ ಸುದ್ದಿ ಬಂದರೆ ಹಿಂದಿನ ದಿನವೇ ನೆಲ ಸಾರಿಸುವುದು, ಅಂಗಳ ಗುಡಿಸುವುದು, ಬಾಗಿಲಿಗೆ ಮಾವಿನೆಲೆ ಕಟ್ಟುವುದು, ಪಾಟಿ ತಿಕ್ಕಿ ಕಪ್ಪು ಮಾಡುವುದು ಎಲ್ಲ ಮಕ್ಕಳದೇ ಕೆಲಸ. ಸಾಹೇಬರೆದುರು ಮಗ್ಗಿ, ಅದರಲ್ಲೂ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಬೇಕು, ಪದ್ಯ ಬಾಯಿಪಾಠ ಒಪ್ಪಿಸಬೇಕು. ಹೆದರಿಕೆಯ ದಿನ ಹೌದು. ಆದರೆ ಶಾಲೆಯನ್ನು ನೋಡಲು ಹೊರಗಿನವರೊಬ್ಬರು ಬರುತ್ತಾರೆ, ಅದಕ್ಕಾಗಿ ಅದನ್ನು ಅಂದಗೊಳಿಸಬೇಕು ಎಂಬ ಭಾವನೆ ಹುಟ್ಟಿದ್ದು ಇಲ್ಲೇ.

ಇದಕ್ಕೆ ಜೊತೆಯಾಗಿ ಊರಿನದೇ ಆದ ದಿನ ಎಂದರೆ ನವರಾತ್ರಿಯ ಶಾರದಾ ಪೂಜೆ. ಪುಸ್ತಕ, ಪಾಟಿಗಳನ್ನು ಪೂಜೆಗಿಟ್ಟ ಮೇಲೆ ಓದುವಂತಿಲ್ಲ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ. ವಿಜಯದಶಮಿಯಂದು ಹರಿವಾಣದ ಅಕ್ಕಿಯ ಮೇಲೆ ಬೆರಳಿನಿಂದ ಅಕ್ಷರ ಬರೆಸಿ ಚಿಕ್ಕವರನ್ನು ಓದಿಗೆ ಹಚ್ಚುವುದು, ಪಂಚಕಜ್ಜಾಯ ಹಂಚುವುದು ನಡೆಯುತ್ತಿತ್ತು. ಒಂದು ಸರಕಾರದ ದಿನ, ಇನ್ನೊಂದು ಊರಿನ ದಿನ. ಮುಂದಿನ ನೂರು ವರ್ಷದ ಕಥೆ ಈ ಎರಡರ ನಡುವಿನದೇ.

ಉಪ್ಪು, ತಕಲಿ, ಬಾವುಟ

1930ರ ಏಪ್ರಿಲ್‌ನಲ್ಲಿ ನೆರೆಯ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ನಡುವೆ ಬೆಳೆಯುವ ನಮ್ಮ ಕಡೆಯ ಮಕ್ಕಳಿಗೆ ಉಪ್ಪು ಎಂದರೆ ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಆದರೆ ಆ ಉಪ್ಪಿನಲ್ಲಿ ದೇಶದ ಸ್ವಾತಂತ್ರ್ಯವೂ ಇದೆ ಎಂಬುದು ಹೊಸ ಪಾಠವಾಗಿತ್ತು. ಆ ಪಾಠ ನಡೆದದ್ದು ಶಾಲೆಯ ಒಳಗಲ್ಲ, ಹೊರಗೆ.

1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮುಂದಿಟ್ಟ ಮೂಲ ಶಿಕ್ಷಣದ ಯೋಜನೆ ಕೈಕೆಲಸವನ್ನೇ ಕಲಿಕೆಯ ನಡುವಿಗೆ ತಂದಿತು. ಮುಂಬಯಿ ಪ್ರಾಂತದಲ್ಲಿ ಅದರ ಪ್ರಯೋಗ ನಡೆದು, ನೂಲುವುದು, ತೋಟಗಾರಿಕೆ ಮೊದಲಾದವು ಶಾಲೆಯ ವೇಳಾಪತ್ರಿಕೆಗೆ ಬಂದವು. ತಕಲಿ ಹಿಡಿದು ಎಳೆ ತೆಗೆದ ಹಿರಿಯರನ್ನು ನಾನು ನನ್ನ ಬಾಲ್ಯದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಓದಿನಲ್ಲಿ ಹಿಂದಿದ್ದ ಮಗು ಎಳೆ ತೆಗೆಯುವುದರಲ್ಲಿ ಮುಂದಿರಬಹುದು ಎಂಬುದನ್ನು ನಮ್ಮ ಮಾಸ್ತರರು ಮೊದಲ ಸಲ ತರಗತಿಯೊಳಗೇ ಕಂಡದ್ದು ಆಗ.

1947ರ ಆಗಸ್ಟ್ 15ರ ನಂತರ ಬಾವುಟದ ದಿನ ಶಾಲೆಯ ಸ್ವಂತ ಹಬ್ಬವಾಯಿತು. ನಸುಕಿನಲ್ಲಿ ಪ್ರಭಾತಫೇರಿ, ಆಮೇಲೆ ಧ್ವಜವಂದನೆ, ಕೊನೆಗೆ ಸಿಹಿ. ಜಾತಿಯ ಪಂಕ್ತಿ ಇನ್ನೂ ಗಟ್ಟಿಯಾಗಿದ್ದ ಊರುಗಳಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಒಂದೇ ತಟ್ಟೆಯ ಸಿಹಿ ತೆಗೆದುಕೊಳ್ಳುವ ಪದ್ಧತಿಗೆ ಶಾಲೆಯ ಅಂಗಳವೇ ಮೊದಲ ಜಾಗವಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದ ಮೇಲೆ ರಾಜ್ಯೋತ್ಸವ, 1962ರಿಂದ ಸೆಪ್ಟೆಂಬರ್ 5ರ ಶಿಕ್ಷಕರ ದಿನ, ನವೆಂಬರ್ 14ರ ಮಕ್ಕಳ ದಿನ ಒಂದೊಂದಾಗಿ ಸೇರಿದವು.

ಆ ವರ್ಷಗಳದೇ ಇನ್ನೊಂದು ಸಂಗತಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ನಯಾ ಪೈಸೆ ಬಂತು. ಮರುವರ್ಷದಿಂದ ಸೇರು ಹೋಗಿ ಕಿಲೋ ಬರತೊಡಗಿತು. ಹೊಸ ಲೆಕ್ಕ ಮೊದಲು ಕಲಿತವರು ಶಾಲೆಯ ಮಕ್ಕಳು. ಅಂಗಡಿಯಲ್ಲಿ ಚಿಲ್ಲರೆ ಸರಿಯಿದೆಯೋ ಎಂದು ನೋಡಲು ಹಿರಿಯರು ಮೊಮ್ಮಕ್ಕಳನ್ನು ಕರೆದೊಯ್ಯುತ್ತಿದ್ದರು ಎಂದು ನಮ್ಮ ಮನೆಯಲ್ಲೇ ಕೇಳಿದ್ದೇನೆ. ಶಾಲೆ ಊರಿಗೆ ಲೆಕ್ಕ ಕಲಿಸಿದ ಕಾಲ ಅದು.

ಗ್ಯಾದರಿಂಗ್

ನಮ್ಮ ಕಡೆ ಶಾಲಾ ವಾರ್ಷಿಕೋತ್ಸವಕ್ಕೆ ಇಂದಿಗೂ ‘ಗ್ಯಾದರಿಂಗ್’ ಎನ್ನುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ‘ಸ್ನೇಹ ಸಮ್ಮೇಳನ’ ಎಂದು ಅಚ್ಚಾದರೂ ಬಾಯಲ್ಲಿ ಗ್ಯಾದರಿಂಗೇ. ಈ ಎರಡು ಹೆಸರೂ ಮುಂಬಯಿ ಕಾಲದ ಬಳುವಳಿ. ಹೆಸರು ಹೊರಗಿನದಾದರೂ ಒಳಗಿನ ತಿರುಳು ನಮ್ಮದೇ ಆಗಿತ್ತು. ಕಾರಣ ಯಕ್ಷಗಾನ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅಂಥ ಮೇಳಗಳ ಆಟ ನೋಡಿ ಬೆಳೆದ ಮಕ್ಕಳಿಗೆ ರಂಗಸ್ಥಳ ಹೊಸದಲ್ಲ. ಗದ್ದೆ ಕೊಯ್ಲಾದ ಮೇಲೆ ಅಂಗಳದಲ್ಲಿ ಮಡಲಿನ ಚಪ್ಪರ, ಊರವರ ಮನೆಗಳಿಂದ ತಂದ ಮಂಚ, ಹಲಗೆಗಳ ರಂಗಮಂಚ, ಸೀರೆಯ ಪರದೆ, ಬಾಡಿಗೆಯ ಗ್ಯಾಸ್ ಲೈಟು. ಸಂಜೆ ಮಕ್ಕಳ ಹಾಡು, ಕೋಲಾಟ, ಸಂವಾದ. ರಾತ್ರಿ ಊರವರ ನಾಟಕ ಅಥವಾ ಆಟ. ಮಕ್ಕಳ ಕಾರ್ಯಕ್ರಮ ನೋಡಲು ಬಂದ ಊರು ಬೆಳಗಿನವರೆಗೂ ಶಾಲೆಯ ಅಂಗಳದಲ್ಲೇ ಕೂತಿರುತ್ತಿತ್ತು.

ಆಗ ಏಳನೇ ಇಯತ್ತೆಯ ಗ್ಯಾದರಿಂಗಿಗೆ ಒಂದು ಭಾರ ಇತ್ತು. ಹೈಸ್ಕೂಲುಗಳು ದೂರ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಗಳ ಕಡೆಗೆ ಹೈಸ್ಕೂಲು ತರತೊಡಗುವವರೆಗೆ, ಆಮೇಲೆ ನಮ್ಮಂಥ ಸರಕಾರಿ ಪ್ರೌಢಶಾಲೆಗಳು ಬರುವವರೆಗೆ, ದಂಡೆಯ ಬಹುಪಾಲು ಮಕ್ಕಳಿಗೆ ಏಳನೆಯದೇ ಕೊನೆ. ಹೆಣ್ಣುಮಕ್ಕಳಿಗಂತೂ ಅಲ್ಲಿಯವರೆಗೆ ಬಂದದ್ದೇ ಹೆಚ್ಚು. ಆ ರಾತ್ರಿ ಬಣ್ಣ ಒರೆಸಿಕೊಂಡು ಮನೆಗೆ ಹೋದ ಎಷ್ಟೋ ಮಕ್ಕಳು ಮರುವರ್ಷ ದೋಣಿಗೆ, ಗದ್ದೆಗೆ, ಉಪ್ಪಿನ ಆಗರಕ್ಕೆ ಹೋದರು. ಗ್ಯಾದರಿಂಗಿನ ನೆನಪು ಅಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಅದು ಅವರ ಪಾಲಿಗೆ ಬೀಳ್ಕೊಡುಗೆಯೂ ಆಗಿತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಬರೆಯಬೇಕು. ನಾನು ಕೆಲಸಕ್ಕೆ ಸೇರಿದ ಮೇಲೆ ಹತ್ತಾರು ವರ್ಷ ಗ್ಯಾದರಿಂಗಿನ ಕುಣಿತಕ್ಕೆ ಮಕ್ಕಳನ್ನು ಆರಿಸುತ್ತಿದ್ದವಳು ನಾನೇ. ಯಾರ ಮನೆಯಲ್ಲಿ ಡ್ರೆಸ್ ಹೊಲಿಸಬಲ್ಲರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೆಸರು ಬರೆಯುತ್ತಿದ್ದೆ. ಬಡವರ ಮನೆಗೆ ಖರ್ಚು ಬೇಡ ಎಂಬ ಒಳ್ಳೆಯ ಯೋಚನೆಯೇ ಅದು ಎಂದುಕೊಂಡಿದ್ದೆ. ಬಹಳ ವರ್ಷಗಳ ನಂತರ ಗೋಕರ್ಣದ ಪೇಟೆಯಲ್ಲಿ ತರಕಾರಿ ಮಾರುತ್ತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಹರಿವೆಯ ಕಟ್ಟು ಕೈಗಿಟ್ಟು, ದುಡ್ಡು ಬೇಡ ಎಂದು ನಕ್ಕು, ಕೊನೆಗೆ ಹೇಳಿದಳು: “ಅಕ್ಕೋರೆ, ನನ್ನ ಒಂದು ಸಲವೂ ಡಾನ್ಸಿಗೆ ತಗೊಳ್ಳಲಿಲ್ಲ ನೀವು. ದುಡ್ಡಿಲ್ಲ ಅಂತ ನೀವೇ ತಿಳ್ಕೊಂಡ್ರಿ. ಮನೆಗೆ ಬಂದು ಕೇಳಲೇ ಇಲ್ಲ.” ಸಿಟ್ಟಿನಿಂದ ಹೇಳಿದ ಮಾತಲ್ಲ. ಆದರೆ ನಾನು ಬರೆದ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲದ ಗೈರುಹಾಜರಿ ಅದು.

ಶಾಲೆಯ ಹೊರಗಿನ ಗುರುಗಳು

ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಶಿಯವರು 1950ರಲ್ಲಿ ವನಮಹೋತ್ಸವ ಆರಂಭಿಸಿದರು. ಜುಲೈ ಮಳೆಯಲ್ಲಿ ಗೊರಬು ಹೊದ್ದು ಸಸಿ ನೆಡುವುದು ನಮ್ಮ ಶಾಲೆಗಳ ಪ್ರತಿ ವರ್ಷದ ಕೆಲಸವಾಯಿತು. ಇಂದು ದಂಡೆಯ ಎಷ್ಟೋ ಶಾಲೆಗಳ ಅಂಗಳದಲ್ಲಿ ನೆರಳು ಕೊಡುತ್ತಿರುವ ಮರಗಳು ಹಾಗೆ ಬಂದವು. ಆ ಸಸಿಗಳು ಎಲ್ಲಿಂದ ಬರುತ್ತವೆ ಎಂದು ನಾವು ಮಕ್ಕಳಿಗೆ ಹೇಳುತ್ತಿರಲಿಲ್ಲ. ಅರಣ್ಯ ಇಲಾಖೆಯಿಂದ ಎಂದರೆ ಮುಗಿಯಿತು. ಇಲಾಖೆಯ ನರ್ಸರಿಯಲ್ಲಿ ಬೀಜ ಆರಿಸಿ, ಮಣ್ಣು ಹದ ಮಾಡಿ, ಸಸಿ ಎಬ್ಬಿಸುತ್ತಿದ್ದವರು ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡರಂಥ ಹಾಲಕ್ಕಿ ಹೆಂಗಸರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಹಾಡುಗಳನ್ನು ಮನಸ್ಸಿನಲ್ಲೇ ಕಾಪಾಡಿಕೊಂಡು ಬಂದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಿತ್ತು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಹಿಂದೆ ಸುಗ್ಗಿ ಕುಣಿತದ ದಿನಗಳಲ್ಲಿ ಹಾಲಕ್ಕಿ ಕೇರಿಯ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ, ನಾವು ಹಾಜರಿಯಲ್ಲಿ ಗೈರು ಬರೆಯುತ್ತಿದ್ದೆವು. ಅದೇ ಸುಗ್ಗಿ ಕುಣಿತ ಈಗ ಶಾಲೆಯ ಕಾರ್ಯಕ್ರಮಗಳಲ್ಲಿ ‘ಜಾನಪದ ನೃತ್ಯ’ ಎಂಬ ಹೆಸರಿನಲ್ಲಿ ಬಹುಮಾನ ಗಳಿಸುತ್ತದೆ. ತುರಾಯಿ ಕಟ್ಟಿ ಕುಣಿಯುವವರು ಬೇರೆ ಮಕ್ಕಳು, ಹೇಳಿಕೊಡುವವರು ವೀಡಿಯೋ ನೋಡಿ ಕಲಿತ ನಾವು. ನಿಜವಾಗಿ ಬಲ್ಲ ಅಜ್ಜ, ಅಜ್ಜಿಯರನ್ನು ತರಗತಿಗೆ ಕರೆದು ಕೂರಿಸಿ ಮಕ್ಕಳಿಗೆ ಹೇಳಿಸಿದ ಶಾಲೆಗಳೂ ಇವೆ. ಆ ಒಂದು ಗಂಟೆ ಒಂದು ವರ್ಷದ ಪಾಠಕ್ಕೆ ಸಮ ಎಂಬುದು ನನ್ನ ಅನುಭವ. ತನ್ನ ಅಜ್ಜಿ ಅಕ್ಕೋರ ಕುರ್ಚಿಯಲ್ಲಿ ಕೂತದ್ದನ್ನು ಕಂಡ ಮಗು ಮರುದಿನದಿಂದ ಮುಂದಿನ ಸಾಲಿನಲ್ಲಿ ಕೂರುತ್ತದೆ.

ಓಂ ಬೀಚಿಗೆ ನಡೆದು ಹೋದ ದಿನ

ನಾನು ಕಲಿಯುವಾಗ ಶಾಲಾ ಪ್ರವಾಸ ಎಂದರೆ ಬಸ್ಸಲ್ಲ, ನಡಿಗೆ. ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿ, ಕುಡ್ಲೆ ದಂಡೆ ದಾಟಿ, ಮತ್ತೊಂದು ಗುಡ್ಡ ಹತ್ತಿದರೆ ಕೆಳಗೆ ಓಂ ಬೀಚು. ಆಗ ಅಲ್ಲಿ ಇಂದಿನ ಹೋಟೆಲು, ವಾಹನ, ಗದ್ದಲ ಇರಲಿಲ್ಲ. ಮುಂದೆ ನಾನು ಅಕ್ಕೋರಾದ ಮೇಲೆ ನಾನೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಚಿಪ್ಪು ಆರಿಸಿ ದೊಡ್ಡದು, ಚಿಕ್ಕದು ಎಂದು ವಿಂಗಡಿಸುವುದು, ಹತ್ತರ ಗುಂಪು ಮಾಡುವುದು, ಏಡಿಯ ಬಿಲ ನೋಡುವುದು, ಒದ್ದೆ ಹೊಯಿಗೆಯ ಮೇಲೆ ಕಡ್ಡಿಯಿಂದ ಹೆಸರು ಬರೆಯುವುದು. ಬರೆದದ್ದನ್ನು ತೆರೆ ಬಂದು ಅಳಿಸಿದರೆ ಮತ್ತೆ ಬರೆಯುವುದು. ತಪ್ಪಿದರೆ ಹೊಡೆಯುವವರಿಲ್ಲದ ಪಾಟಿ ಅದು.

ಒಮ್ಮೆ ಗುಡ್ಡದ ಮೇಲೆ ನಿಲ್ಲಿಸಿ, ನೋಡಿ, ದಂಡೆ ಓಂಕಾರದ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು ಎಂದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಬಹಳ ಹೊತ್ತು ನೋಡಿ, “ಅಕ್ಕೋರೆ, ಇದು ನಮ್ಮ ಓ ಅಲ್ಲ” ಎಂದಳು. ಅವಳ ಮಾತು ಸರಿ. ದಂಡೆಯ ಆಕಾರ ಹೋಲುವುದು ನಾಗರಿ ಲಿಪಿಯ ಓಂಕಾರವನ್ನು. ಅವಳು ಕಲಿತದ್ದು ಕನ್ನಡದ ಓ. ನಾನು ಇಪ್ಪತ್ತು ವರ್ಷ ಅದೇ ಗುಡ್ಡದ ಮೇಲೆ ನಿಂತು ಅದೇ ಮಾತು ಹೇಳಿದ್ದೆ, ನನಗೆ ಅದು ಹೊಳೆದಿರಲಿಲ್ಲ. ಅಂದು ಸಂಜೆಯವರೆಗೆ ಮಕ್ಕಳು ಹೊಯಿಗೆಯ ಮೇಲೆ ಎರಡೂ ಓಂಕಾರ ಬರೆದು ಆಡಿದರು. ಲಿಪಿ ಬೇರೆ, ದನಿ ಒಂದೇ ಎಂಬ ಪಾಠಕ್ಕೆ ಬೇರೆ ಪುಸ್ತಕ ಬೇಕಾಗಲಿಲ್ಲ.

ಈಚಿನ ವರ್ಷಗಳಲ್ಲಿ ಮಕ್ಕಳನ್ನು ದಂಡೆಗೆ ಕರೆದೊಯ್ಯುವುದು ಹೆಚ್ಚಾಗಿ ಸ್ವಚ್ಛತೆಗೆ. ಬಾಟಲಿ, ಪ್ಲಾಸ್ಟಿಕ್ ಆರಿಸಿ ಚೀಲ ತುಂಬುತ್ತಾರೆ, ಫೋಟೋ ತೆಗೆಯುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಯಾರೋ ಎಸೆದದ್ದನ್ನು ಹೆಕ್ಕುವುದಷ್ಟೇ ಮಕ್ಕಳಿಗೆ ಕಡಲಿನ ಪಾಠವಾಗಬಾರದು. ಒಂದು ಗಂಟೆ ಹೆಕ್ಕಿದರೆ ಎರಡು ಗಂಟೆ ಆಡಲು, ನೋಡಲು ಬಿಡಬೇಕು.

ಇಲಾಖೆಯ ದಿನಗಳು

ನಾವು ಕಲಿಯುವಾಗ ಮಧ್ಯಾಹ್ನ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟು ಇತ್ತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ 2003ರಲ್ಲಿ ನಮ್ಮ ಕಡೆಗೂ ಬಂತು; 2013ರಿಂದ ಕ್ಷೀರಭಾಗ್ಯದ ಹಾಲು. ಪಂಕ್ತಿಯಲ್ಲಿ ಕೂತು ಉಣ್ಣುವುದು ಹಬ್ಬದ ದಿನಕ್ಕಷ್ಟೇ ಇದ್ದದ್ದು ದಿನನಿತ್ಯದ ಮಾತಾಯಿತು. ಶಾಲೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿಶೇಷ ಯಾವುದೂ ಇಲ್ಲ ಎಂದು ನಾನು ಬಲ್ಲೆ.

ಕಲಿಸುವ ರೀತಿಯಲ್ಲೂ ಬದಲಾವಣೆ ಬಂತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆ ಬಂತು. ಕಾರ್ಡು, ಹಾಡು, ಕಥೆ, ಗೋಡೆಯ ಕೆಳಗಿನ ಕಪ್ಪುಪಟ್ಟಿ, ನೆಲದ ಮೇಲೆ ಗುಂಪಾಗಿ ಕೂರುವುದು ಇವೆಲ್ಲ ವರ್ಷಕ್ಕೊಮ್ಮೆ ಬರುತ್ತಿದ್ದ ಆಟವನ್ನು ದಿನದ ತರಗತಿಯೊಳಗೆ ತಂದವು.

ಇದೇ ಕಾಲಕ್ಕೆ ಬಂದ ಪ್ರತಿಭಾ ಕಾರಂಜಿಯ ಸ್ವಭಾವ ಬೇರೆ. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಣ್ಣಿನ ಮಾದರಿ ಹೀಗೆ ಹತ್ತಾರು ಸ್ಪರ್ಧೆ. ಕ್ಲಸ್ಟರ್‌ನಿಂದ ತಾಲೂಕು, ಜಿಲ್ಲೆ, ರಾಜ್ಯದವರೆಗೆ ಮೆಟ್ಟಿಲು. ಬೇಲೆಖಾನ್, ತದಡಿಯಂಥ ಮೂಲೆಯ ಊರಿನ ಮಗು ಕುಮಟೆಯ ವೇದಿಕೆ ಹತ್ತಲು ಇದರಿಂದ ದಾರಿಯಾಯಿತು, ಇದನ್ನು ಮರೆಯುವಂತಿಲ್ಲ. ಆದರೆ ಸ್ಪರ್ಧೆಗೆ ಬೇಕಾದದ್ದು ಗೆಲ್ಲುವ ಒಬ್ಬರು. ಗ್ಯಾದರಿಂಗಿನಲ್ಲಿ ನಾನು ಮಾಡಿದ ತಪ್ಪನ್ನೇ ಇಲ್ಲಿಯೂ ಮಾಡುವುದು ಬಹಳ ಸುಲಭ. ಗೆಲ್ಲುವ ಮಗುವಿಗೆ ಹದಿನೈದು ದಿನ ತಾಲೀಮು, ಉಳಿದವರಿಗೆ ಕೈ ಕಟ್ಟಿ ಬಾಯಿ ಮುಚ್ಚಿ ಕೂರುವ ಶಿಕ್ಷೆ.

ಮಕ್ಕಳ ಸಂತೆ

ಎಲ್ಲ ಮಕ್ಕಳೂ ಒಳಗಾಗುವ ದಿನ ಯಾವುದು ಎಂದು ಕೇಳಿದರೆ ನಾನು ಮಕ್ಕಳ ಸಂತೆ ಎನ್ನುತ್ತೇನೆ. ಕೆಲವು ಕಡೆ ಇದಕ್ಕೆ ಮೆಟ್ರಿಕ್ ಮೇಳ ಎಂದೂ ಹೇಳುತ್ತಾರೆ. ಮಕ್ಕಳು ಮನೆಯಲ್ಲಿ ಬೆಳೆದದ್ದು, ಮಾಡಿದ್ದು ತಂದು ಅಂಗಳದಲ್ಲಿ ಸಾಲಾಗಿ ಕೂತು ಮಾರುತ್ತಾರೆ, ಊರವರೇ ಗಿರಾಕಿಗಳು. ನಮ್ಮ ದಂಡೆಯ ಸಂತೆಗೆ ಬರುವ ಮಾಲು ನೋಡಿದರೆ ಊರಿನ ಭೂಗೋಳ ತಿಳಿಯುತ್ತದೆ. ಹಾಲಕ್ಕಿ ಕೇರಿಯಿಂದ ಹರಿವೆ, ಬಸಳೆ, ಬದನೆ, ಗೆಣಸು, ಸಾಣಿಕಟ್ಟಾ ಕಡೆಯಿಂದ ಉಪ್ಪು, ಅಘನಾಶಿನಿಯ ಗಜನಿ ಗದ್ದೆಯಿಂದ ಕಗ್ಗದ ಅಕ್ಕಿ, ತೋಟದವರಿಂದ ತೆಂಗಿನಕಾಯಿ, ಬಾಳೆಗೊನೆ, ದಂಡೆಯವರಿಂದ ಒಣಮೀನು, ಪೇಟೆಯವರಿಂದ ಚಕ್ಕುಲಿ, ಪಾನಕ.

ನಾನು ನಿವೃತ್ತಳಾಗುವ ಕೆಲವು ವರ್ಷ ಮೊದಲಿನ ಸಂತೆ. ಮೀನುಗಾರರ ಮನೆಯ ಹುಡುಗ, ನಾಲ್ಕನೇ ತರಗತಿ. ಓದಲು ಕೊಟ್ಟರೆ ಮೂರನೇ ಸಾಲಿಗೆ ನಿಲ್ಲುತ್ತಿದ್ದ. ಕಳೆಯುವ ಲೆಕ್ಕ ಹಲಗೆಯ ಮೇಲೆ ಬರೆದರೆ ತಲೆ ತಗ್ಗಿಸುತ್ತಿದ್ದ. ಅಂದು ಅವನ ಎದುರು ಒಣಸೀಗಡಿಯ ಬುಟ್ಟಿ. ಮುನ್ನೂರೈವತ್ತು ಗ್ರಾಂ ತೂಗಿಸಿ ನೂರರ ನೋಟು ಕೊಟ್ಟರೆ, ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಗಿಸುವ ಮೊದಲೇ ಚಿಲ್ಲರೆ ಎಣಿಸಿ ಕೈಗಿಡುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಮರುದಿನ ಹಲಗೆಯ ಮೇಲೆ ಬರೀ ಅಂಕಿ ಬರೆಯುವ ಬದಲು, ಸೀಗಡಿ ಎಷ್ಟು, ನೋಟು ಎಷ್ಟು ಎಂದು ಶುರುಮಾಡಿದೆ. ತಲೆ ಎತ್ತಿದ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಅವನಿಗೆ ಬರುವ ಲೆಕ್ಕ ನಮಗೆ ಗೊತ್ತಿರಲಿಲ್ಲ. ವಿಶೇಷ ದಿನಗಳ ನಿಜವಾದ ಉಪಯೋಗ ಇದೇ. ಅವು ಮಕ್ಕಳಿಗೆ ಶಾಲೆಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಶಾಲೆಗೆ ಮಕ್ಕಳನ್ನು ತೋರಿಸುತ್ತವೆ.

ಮುಂದೇನು

ಇಂದು ನಮ್ಮ ಸುತ್ತಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ಎಲ್ಲರಿಗೂ ಗೊತ್ತಿದೆ. ಕೋಲಾಟಕ್ಕೆ ಜೋಡಿ ಸಾಲದ ಶಾಲೆಗಳಿವೆ. ಶಾಲೆ ಒಂದು ಮುಚ್ಚಿದರೆ ಬೀಗ ಬೀಳುವುದು ಕಟ್ಟಡಕ್ಕೆ ಮಾತ್ರವಲ್ಲ. ಸಂದರ್ಶಕರ ಪುಸ್ತಕ, ಗ್ಯಾದರಿಂಗಿನ ಜಮಾಖರ್ಚಿನ ವಹಿ, ಹಳೆಯ ಆಮಂತ್ರಣ, ಬಣ್ಣ ಮಾಸಿದ ಗುಂಪು ಫೋಟೋ ಎಲ್ಲ ಗೆದ್ದಲಿನ ಪಾಲು. ಗೋಕರ್ಣದ ಗೌರೀಶ ಕಾಯ್ಕಿಣಿಯವರಂಥವರು ಮಾಸ್ತರಿಕೆ ಮಾಡುತ್ತಲೇ ನಾಡಿಗೆ ಬೇಕಾದಷ್ಟು ಬರೆದ ನೆಲ ಇದು. ನಮ್ಮ ಶಾಲೆಗಳ ಕಥೆ ಬರೆಯಲು ನಾವು ಹಿಂದೆಗೆಯಬಾರದು.

ಆದ್ದರಿಂದ ಈ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದು ಎರಡು ಬೇಡಿಕೆ. ನಿಮ್ಮ ನಿಮ್ಮ ಕನ್ನಡ ಶಾಲೆಯ ಒಂದು ಫೋಟೋ, ಒಂದು ಆಮಂತ್ರಣ, ಅದೂ ಇಲ್ಲದಿದ್ದರೆ ಒಂದು ಪುಟ ನೆನಪು ಬರೆದು ನಮ್ಮ ಹೈಸ್ಕೂಲಿನ ಗ್ರಂಥಾಲಯಕ್ಕೆ ಕೊಡಿ. ಅದಕ್ಕೊಂದು ಕಪಾಟು ಇಡೋಣ. ಎರಡನೆಯದು, ನಿಮ್ಮೂರ ಶಾಲೆಯ ಮುಂದಿನ ಗ್ಯಾದರಿಂಗಿಗೆ ಕೈಲಾದಷ್ಟು ಕೊಡಿ, ಆದರೆ ಒಂದು ಷರತ್ತಿನ ಮೇಲೆ ಕೊಡಿ: ಶಾಲೆಯ ಪ್ರತಿಯೊಂದು ಮಗುವೂ ಒಂದು ಸಲ ಪರದೆಯ ಈಚೆ ಬರಬೇಕು. ಹರಿವೆ ಮಾರುವ ಆ ನನ್ನ ವಿದ್ಯಾರ್ಥಿನಿಯ ಮಗಳು ಕಳೆದ ಗ್ಯಾದರಿಂಗಿನಲ್ಲಿ ಕುಣಿದಳು. ಡ್ರೆಸ್ಸಿನ ಖರ್ಚು ಶಾಲೆಯೇ ಎಲ್ಲರಿಗೂ ಹಾಕಿತ್ತು. ನಾನು ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ತಾಯಿ ಹಿಂದೆ ಚಪ್ಪರದ ಕಂಬ ಹಿಡಿದು ನಿಂತಿದ್ದಳು.